ಕೆಂಪು ಚಿಕ್ಕಿ, ಅದರ ಜೋಡಿ ಮತ್ತು ಒಂದು ಕೌದಿ

ನನಗೆ ಕಾಲುವೆ ಎಂದರೆ ಹೆದರಿಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಎಲ್ಲಾದರೂ ನಾನು ಧೈರ್ಯವಂತೆಯ ಹಾಗೆ ಕಂಡರೆ ಅದು ಓದುವವರ ತಪ್ಪು, ನನ್ನದಲ್ಲ. ನಮ್ಮೂರ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಭೂಕಂಪ, ಜ್ವಾಲಾಮುಖಿ, ನಕ್ಷತ್ರ ಸಿಡಿಯುವುದು ಎಲ್ಲವನ್ನೂ ಮಕ್ಕಳ ಮುಂದೆ ಗಟ್ಟಿ ದನಿಯಲ್ಲಿ ಹೇಳುತ್ತೇನೆ. ಆದರೆ ಬಸ್ಸು ಕಾಲುವೆಯ ಸೇತುವೆ ಏರಿದ ಕೂಡಲೇ ಮುಂದಿನ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚುತ್ತೇನೆ. ಆ ದಾರಿಯ ಕಂಡಕ್ಟರನಿಗೂ ಇದು ಗೊತ್ತು. "ದಾಟೀತ್ರಿ ಟೀಚರ್" ಎಂದು ಅವನೇ ಹೇಳುತ್ತಾನೆ, ಆಮೇಲೆ ಕಣ್ಣು ಬಿಡುತ್ತೇನೆ.

ಈ ಹೆದರಿಕೆಗೆ ಕಾರಣ ಒಂದು ಎಮ್ಮೆ. ಕಾಲುವೆಗೆ ಮೊದಲ ಸಲ ನೀರು ಬಿಟ್ಟಾಗ ನಾನಿನ್ನೂ ಲಂಗದ ಹುಡುಗಿ. ಊರಿಗೆ ಊರೇ ದಂಡೆಗೆ ಹೋಗಿ ಕಾಯಿ ಒಡೆದು, ನೀರಿಗೆ ಅರಿಶಿನ ಕುಂಕುಮ ಎರಚಿ ಬಂದಿತ್ತು. ಜೋಳ, ತೊಗರಿ ಬಿಟ್ಟರೆ ಬೇರೇನೂ ಕಾಣದ ಹೊಲಗಳಲ್ಲಿ ಭತ್ತ ನಿಂತಿತು. ಎಲ್ಲರಿಗೂ ಖುಷಿ. ಆ ಖುಷಿಯಲ್ಲೇ ನಮ್ಮ ಅಬ್ಬಾ ಖಾಜಾಮಿಯಾ ಎಮ್ಮೆಗೆ ನೀರು ಕುಡಿಸಲು ದಂಡೆಗೆ ಹೊಡೆದುಕೊಂಡು ಹೋದರು, ಹಿಂದೆ ನಾನೂ ಹೋದೆ. ಸಿಮೆಂಟಿನ ಇಳಿಜಾರಿನಲ್ಲಿ ಎಮ್ಮೆಯ ಕಾಲು ಜಾರಿತು. ಎಮ್ಮೆಗೆ ಈಜು ಯಾರೂ ಕಲಿಸಬೇಕಿಲ್ಲ. ಆದರೆ ಈಜುವುದು ಬೇರೆ, ಹತ್ತಿ ಬರುವುದು ಬೇರೆ. ಅದು ದಂಡೆಗೆ ಕಾಲಿಟ್ಟಷ್ಟೂ ಜಾರುತ್ತಿತ್ತು. ಹಗ್ಗ ಹಿಡಿದಿದ್ದ ಅಬ್ಬಾ ಇಳಿಜಾರಿನ ಅಂಚಿನವರೆಗೂ ಹೋಗಿ, ಕೊನೆಗೆ ಹಗ್ಗ ಬಿಟ್ಟರು. ಮೂಗು ಮೇಲೆತ್ತಿಕೊಂಡು ನಮ್ಮ ಕಡೆಗೇ ನೋಡುತ್ತ ಎಮ್ಮೆ ತೇಲಿ ಹೋಯಿತು. ಬಿಟ್ಟಿದ್ದು ಸರಿ, ಬಿಡದಿದ್ದರೆ ನಾನು ತಬ್ಬಲಿಯಾಗುತ್ತಿದ್ದೆ. ಅವತ್ತು ಮನೆಗೆ ಬಂದು ಅಬ್ಬಾ ನನ್ನ ತಲೆಯ ಮೇಲೆ ಕೈಯಿಟ್ಟು, ಕಾಲುವೆ ಎಳೆದರೆ ಕೈಯಲ್ಲಿ ಏನಿದ್ದರೂ ಬಿಟ್ಟುಬಿಡಬೇಕು ಎಂದು ಆಣೆ ಮಾಡಿಸಿಕೊಂಡರು. ನಾನು ಮಾಡಿದೆ.

ಇನ್ನು ಕರೆಮ್ಮ. ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು, ನಮ್ಮ ಓಣಿಯವಳೇ. ಶಾಲೆಯಲ್ಲಿ ನನಗೆ ಟೀಚರ್ ಅನ್ನುತ್ತಾಳೆ, ಓಣಿಗೆ ಬಂದರೆ ಆಪಾ, ಅಂದರೆ ಅಕ್ಕ. ಕಡ್ಡಿಯಂಥ ಹೆಂಗಸು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ನಾನು ದಪ್ಪ, ಅಂಜುಬುರುಕಿ. "ಆಪಾ, ನೀವು ಕುಂತ್ರ ಟಂಟಂ ಒಂದ ಕಡಿ ವಾಲತದ" ಎಂದು ದಿನಕ್ಕೊಮ್ಮೆಯಾದರೂ ಅನ್ನದಿದ್ದರೆ ಅವಳಿಗೆ ಉಂಡದ್ದು ಕರಗುವುದಿಲ್ಲ. ಅವಳ ತವರು ಯಾದಗಿರಿಯ ಆಚೆ, ಭೀಮಾ ನದಿಯ ದಂಡೆ. ನದಿಯಲ್ಲೇ ಆಡಿ ಬೆಳೆದವಳಿಗೆ ನೀರಿನ ಭಯವೇ ಇಲ್ಲ. ಗಂಡ ಅಯ್ಯಪ್ಪ ಲಾರಿಯ ಮೇಲಿರುತ್ತಾನೆ, ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ. ಒಬ್ಬಳೇ ಮಗಳು ಮೋನಮ್ಮ, ಒಂಬತ್ತನೇ ತರಗತಿ, ನನ್ನ ವಿದ್ಯಾರ್ಥಿನಿ.

ಆ ವರ್ಷ ಸುರಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಭಾಷಣದ ಸ್ಪರ್ಧೆ ಇತ್ತು. ಬೇರೆ ಶಾಲೆಯವರು ಎರೆಹುಳು ಗೊಬ್ಬರ, ಮಳೆನೀರು ಕೊಯ್ಲು ಎಂದು ಬರುತ್ತಾರೆ ಅನ್ನುವುದು ನನಗೆ ಗೊತ್ತಿತ್ತು, ಪ್ರತಿ ವರ್ಷ ಅದೇ. ನನಗೆ ಅವುಗಳನ್ನು ಕೇಳಿ ಕೇಳಿ ಬೇಸರ. ಹಾಗಾಗಿ ಮೋನಮ್ಮಳಿಗೆ ಕೆಂಪು ಕುಬ್ಜ ನಕ್ಷತ್ರದ ವಿಷಯ ಕೊಟ್ಟೆ, ನಮ್ಮ ಕಡೆಯ ಮಾತಿನಲ್ಲಿ ಕೆಂಪು ಚಿಕ್ಕಿ. ಎಳೆಯ ವಯಸ್ಸಿನ ಒಂದು ಸಣ್ಣ ಕೆಂಪು ನಕ್ಷತ್ರ, ಅದರ ಸುತ್ತ ನಕ್ಷತ್ರವಾಗಲು ಹೋಗಿ ಆಗದೆ ಉಳಿದ ಒಂದು ಸಂಗಾತಿ. ಹುಡುಗಿ ಚುರುಕು, ಬಾಯಿಪಾಠ ಬೇಗ ಮಾಡಿದಳು. ಆದರೆ ಮಂದಿ ಎದುರು ನಿಂತರೆ ನಡುವೆ ಎಲ್ಲೋ ಒಂದು ಕಡೆ ದಾರದ ಗಂಟು ಸಿಕ್ಕಿಕೊಂಡ ಹಾಗೆ ನಿಂತುಬಿಡುತ್ತಿದ್ದಳು. ನಿಂತರೆ ಮುಗಿಯಿತು, ಕಣ್ಣಲ್ಲಿ ನೀರು.

ಕರೆಮ್ಮನಿಗೆ ಮಗಳ ಈ ಭಾಷಣವೇ ತಲೆಯಲ್ಲಿ ಹೊಕ್ಕಿತ್ತು. ಅವಳದ್ದೊಂದು ಹಂಚಿಕೆ. ತಾನು ಮುಂದಿನ ಸಾಲಿನಲ್ಲಿ ಕೂರುವುದು, ಮಗಳು ನಿಂತಲ್ಲಿ ತುಟಿ ಆಡಿಸಿ ನೆನಪು ಕೊಡುವುದು. ಅದಕ್ಕೆ ಅವಳಿಗೂ ಪಾಠ ಬರಬೇಕಲ್ಲ? ಮನೆಯಲ್ಲಿ ಮಗಳು ಹೇಳಿದ್ದು ಒಂದಕ್ಷರವೂ ತಲೆಗೆ ಹತ್ತಿರಲಿಲ್ಲವಂತೆ. ಘಟಸ್ಥಾಪನೆಗೆ ಮೊದಲು ಮನೆಯ ಕೌದಿಗಳನ್ನೆಲ್ಲ ಒಗೆಯಬೇಕು, ಒಗೆಯಲು ಜೊತೆಗೆ ಬನ್ನಿ, ಅಲ್ಲೇ ನನಗೂ ಪಾಠ ಹೇಳಿ ಎಂದು ಕೇಳಿದಳು.

ಎಲ್ಲಿ ಒಗೆಯುವುದು ಎಂದು ನಾನು ಕೇಳಿದೆ. ಕೇಳುವ ಅಗತ್ಯವೇ ಇರಲಿಲ್ಲ. ಭತ್ತದ ಹೊಲಗಳ ನಡುವೆ ಮೂರು ತಾಲೂಕಿನ ಹೆಂಗಸರು ಹಬ್ಬದ ಮುಂಚೆ ಹಾಸಿಗೆ ಒಗೆಯುವುದು ಕಾಲುವೆಯಲ್ಲೇ. ಕೌದಿ ಒಬ್ಬರ ಕೆಲಸವೂ ಅಲ್ಲ. ಹಳೆ ಸೀರೆಗಳನ್ನು ಪದರ ಪದರ ಹಾಕಿ ಹೊಲಿದದ್ದು, ನೀರು ಕುಡಿದರೆ ಗಂಡಾಳೂ ಎತ್ತಲಾರ. ಹಿಂಡಲು ಎರಡೂ ತುದಿಗೆ ಆಳು ಬೇಕು. ಒಬ್ಬರು ಬಲಕ್ಕೆ, ಒಬ್ಬರು ಎಡಕ್ಕೆ ತಿರುವುತ್ತ ಹೋದರೆ ಕೌದಿ ಹಗ್ಗದಂತೆ ಗಟ್ಟಿಯಾಗುತ್ತದೆ, ಗಿಡ್ಡಾಗುತ್ತದೆ, ಹಿಂಡುವವರು ಹೆಜ್ಜೆ ಹೆಜ್ಜೆಯಾಗಿ ಒಬ್ಬರಿಗೊಬ್ಬರು ಹತ್ತಿರ ಬರುತ್ತಾರೆ. ಕರೆಮ್ಮನ ಮನೆಯಲ್ಲಿ ಇನ್ನೊಂದು ತುದಿ ಹಿಡಿಯಲು ಹೆಣ್ಣಾಳಿಲ್ಲ. ಮೋನಮ್ಮಳನ್ನು ಕರೆದೊಯ್ದರೆ ಅವಳ ಓದು ಕೆಡುತ್ತದೆ. ನಮ್ಮ ಮನೆಯ ರಂಜಾನಿಗೆ ಶ್ಯಾವಿಗೆ ಹೊಸೆದು ಕೊಡುವವಳು ಇವಳು, ನಾನು ಹೇಗೆ ಇಲ್ಲ ಅನ್ನಲಿ? ಮೇಲಿನ ಮೆಟ್ಟಿಲಿನಲ್ಲೇ ಕೂರುತ್ತೇನೆ, ನೀರಿಗೆ ಕಾಲು ತಾಗಿಸುವುದಿಲ್ಲ ಎಂದು ಷರತ್ತು ಹಾಕಿ, ಸ್ಪರ್ಧೆಯ ಹಿಂದಿನ ದಿನ, ಭಾನುವಾರ ಬೆಳಗ್ಗೆ ಹೊರಟೆ. ಬಾಷುಮಿಯಾನ ಟಂಟಂ ಆಟೋದಲ್ಲಿ ಕೌದಿಗಳ ಗಂಟಿನ ಮೇಲೆ ನಾನು, ನನ್ನ ಮೇಲೆ ಕರೆಮ್ಮನ ತಮಾಷೆ. ಬಾಷುಮಿಯಾ ನಮ್ಮನ್ನು ಇಳಿಸಿ, ಮಧ್ಯಾಹ್ನ ಬರುತ್ತೇನೆಂದು ಗೋಗಿ ಊರಿನ ಕಡೆ ಹೋದ.

ಕಾಲುವೆ ತುಂಬಿ ಹರಿಯುತ್ತಿತ್ತು. ನದಿಗಾದರೆ ಸದ್ದಿದೆ, ಇದಕ್ಕೆ ಸದ್ದೇ ಇಲ್ಲ. ಮಣ್ಣುಬಣ್ಣದ ನೀರು ಸುಮ್ಮನೆ, ಎಲ್ಲಿಗೋ ತುರ್ತಾಗಿ ಹೋಗಬೇಕಾದವರಂತೆ ಹೋಗುತ್ತದೆ. ಒಗೆಯುವವರಿಗೆಂದು ಇಳಿಜಾರಿನಲ್ಲಿ ಕಟ್ಟಿದ ಮೆಟ್ಟಿಲುಗಳಲ್ಲಿ ಮೇಲಿನದರ ಮೇಲೆ ಹಿಮ್ಮಡಿ ಊರಿ ಕುಳಿತೆ. ಕರೆಮ್ಮ ಸೀರೆ ಎತ್ತಿ ಕಟ್ಟಿ ಕೆಳಗಿನ ಮೆಟ್ಟಿಲಿಗೆ ಇಳಿದಳು.

ಒಗೆಯುತ್ತ ಪಾಠ ಶುರುವಾಯಿತು. ಈ ಕೆಂಪು ನಕ್ಷತ್ರ ಸೂರ್ಯನಿಗಿಂತ ತೀರ ಸಣ್ಣದು, ಬರಿಗಣ್ಣಿಗೆ ಕಾಣುವುದೇ ಇಲ್ಲ ಎಂದೆ. ಎಳೆಯದಾದ್ದರಿಂದ ಆಗಾಗ ಸಿಡಿಯುತ್ತದೆ, ಉರಿ ಕಾರುತ್ತದೆ, ವಯಸ್ಸಾದಂತೆ ತಣ್ಣಗಾಗುತ್ತದೆ ಎಂದೆ. ನಮ್ಮ ಅತ್ತೆಯೂ ನನ್ನ ಗಂಡನ ಬಗ್ಗೆ ಹಾಗೇ ಹೇಳಿದ್ದಳು, ಇನ್ನೂ ಆಗಿಲ್ಲ ಎಂದಳು ಕರೆಮ್ಮ. ಸಂಗಾತಿಯ ವಿಷಯಕ್ಕೆ ಬಂದಾಗ ಒಲೆಯ ಮಾತಿನಲ್ಲಿ ಹೇಳಿದೆ. ಅದೂ ನಕ್ಷತ್ರದಂತೆಯೇ ಅನಿಲದ ಮುದ್ದೆ. ಆದರೆ ಬೆಂಕಿ ಹತ್ತಲು ಎಷ್ಟು ತೂಕ ಬೇಕೋ ಅಷ್ಟು ಕೂಡಲಿಲ್ಲ. ಹುಟ್ಟುವಾಗಿನ ಕಾವಷ್ಟೇ ಉಳಿದಿದೆ, ಅದೂ ನಿಧಾನಕ್ಕೆ ಆರುತ್ತಿದೆ.

"ಹತ್ತಲಾರದ ಒಲಿ" ಎಂದಳು ಅವಳು. ಆಮೇಲೆ ಕೌದಿ ಕುಕ್ಕುವುದನ್ನು ನಿಲ್ಲಿಸಿ, ಬೆಳಕೇ ಇಲ್ಲದಿದ್ದರೆ ಅದು ಅಲ್ಲಿದೆ ಅಂತ ಗೊತ್ತಾದದ್ದು ಹೇಗೆ ಎಂದು ಕೇಳಿದಳು. ಮೋನಮ್ಮ ಪ್ರತಿ ಸಲ ನಿಲ್ಲುತ್ತಿದ್ದುದು ಸರಿಯಾಗಿ ಅಲ್ಲಿಯೇ.

ಚಿಕ್ಕಿ ಅಲುಗುತ್ತದೆ ಎಂದೆ. ಎರಡೂ ಒಂದನ್ನೊಂದು ಎಳೆಯುತ್ತಿರುತ್ತವೆ. ಹಗುರಾದದ್ದು ದೊಡ್ಡ ಸುತ್ತು ಸುತ್ತುತ್ತದೆ, ಭಾರವಾದದ್ದು ಕುಳಿತಲ್ಲೇ ಕೊಂಚ ಅತ್ತಿತ್ತ ಆಗುತ್ತದೆ. ದೂರದಿಂದ ನೋಡುವವರಿಗೆ ಚಿಕ್ಕಿಯ ಅಲುಗಾಟ ಮಾತ್ರ ಕಾಣುತ್ತದೆ. ಯಾರೋ ಹಿಡಿದು ಎಳೆಯುತ್ತಿದ್ದಾರೆ ಎಂದು ಅದರಿಂದ ತಿಳಿಯುತ್ತದೆ.

ಕರೆಮ್ಮ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿ ನಕ್ಕಳು. "ಹಂಗಾದ್ರ ನೀವು ಚಿಕ್ಕಿ, ನಾ ಜೋಡಿ. ನಾ ಊರ ತುಂಬ ತಿರಗತೇನಿ, ನೀವು ಕುಂತಲ್ಲೇ ಅಲಗತೀರಿ." ಈ ಮಾತು ಅವಳಿಗೆ ಅಷ್ಟು ಹಿಡಿಸಿತೆಂದರೆ, ಮುಂದಿನ ಎರಡು ಕೌದಿ ಹಿಂಡುವಾಗಲೂ ನಗುತ್ತಲೇ ಇದ್ದಳು.

ಕೊನೆಗೆ ಉಳಿದದ್ದು ಅವಳ ತಾಯಿ ಹೊಲಿದ ಕೌದಿ. ತಾಯಿ ತೀರಿಕೊಂಡಿದ್ದಾಳೆ. ಅವಳು ಉಟ್ಟು ಬಿಟ್ಟ ಇಲಕಲ್ ಸೀರೆಗಳೆಲ್ಲ ಅದರೊಳಗಿವೆ, ಮೇಲೆ ಜೋಳದ ಕಾಳಿನಷ್ಟು ಸಣ್ಣ ಸಣ್ಣ ಹೊಲಿಗೆ. ಅದನ್ನು ನೀರಿಗೆ ಬಿಡುವ ಮೊದಲು ಕರೆಮ್ಮ ಒಂದು ಸೀರೆಯಂಚಿನ ಚೂರಿನಿಂದ ಕೌದಿಯ ಮೂಲೆಯನ್ನು ತನ್ನ ಮಣಿಕಟ್ಟಿಗೆ ಕಟ್ಟಿಕೊಂಡಳು. ನಾನು ಬೈದೆ. ಇದೇನು ಹುಚ್ಚು, ಬಿಚ್ಚು ಎಂದೆ. ಭೀಮಾ ದಂಡೆಯ ಹೆಂಗಸರೆಲ್ಲ ಹೀಗೇ ಕಟ್ಟಿಕೊಳ್ಳುವುದು, ಕೌದಿ ತೇಲಿ ಹೋಗಬಾರದೆಂದು ತಾಯಿ ಕಲಿಸಿದ್ದು ಎಂದಳು. ನದಿಯಲ್ಲಿ ಅದು ಸರಿ. ಅಲ್ಲಿ ದಂಡೆಗೆ ಮರಳಿದೆ, ಬಂಡೆಯಿದೆ, ಬಿದ್ದರೆ ಮೊಳಕಾಲುದ್ದ ನೀರಿನಲ್ಲಿ ಎದ್ದು ನಿಲ್ಲಬಹುದು. ಕಾಲುವೆಗೆ ಅದ್ಯಾವುದೂ ಇಲ್ಲ. ಇಷ್ಟನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ನೀರಿಗೆ ಬಿಟ್ಟಾಗಿತ್ತು.

ಕೌದಿ ನೀರು ಕುಡಿಯಿತು. ಉಬ್ಬಿತು. ಹರಿವು ಅದನ್ನು ಜೋಳಿಗೆಯಂತೆ ಬಿಚ್ಚಿ ಹಿಡಿಯಿತು. ಕರೆಮ್ಮನ ಕೈ ಮುಂದಕ್ಕೆ ಹೋದದ್ದು ಕಂಡೆ, ಪಾಚಿಯ ಮೇಲೆ ಅವಳ ಕಾಲು ಜಾರಿದ್ದು ಕಂಡೆ. ಆಮೇಲೆ ಮೆಟ್ಟಿಲ ಮೇಲೆ ಅವಳು ಇರಲಿಲ್ಲ.

ನನ್ನ ತುದಿ ನನ್ನ ಕೈಯಲ್ಲೇ ಇತ್ತು. ಜಗ್ಗಿದ ರಭಸಕ್ಕೆ ಎರಡು ಮೆಟ್ಟಿಲು ಕೆಳಗೆ ಜಾರಿ ಬಿದ್ದೆ, ಹಿಮ್ಮಡಿ ಎಲ್ಲೋ ಕಲ್ಲಿನ ಸಂದಿಗೆ ಸಿಕ್ಕಿ ನಿಂತೆ. ನೀರಿನಲ್ಲಿ ಕರೆಮ್ಮನ ತಲೆ ಬಂತು, ಮುಳುಗಿತು, ಮತ್ತೆ ಬಂತು. ಕಟ್ಟಿದ ಕೈ ಮಾತ್ರ ಮೇಲೆ ಚಾಚಿತ್ತು. ಮೆಟ್ಟಿಲಿನ ಆಚೆ ಅವಳನ್ನು ಹರಿವು ಇಳಿಜಾರಿನ ಕಡೆಗೇ ಒತ್ತುತ್ತಿತ್ತು. ಬೆರಳು ಊರಿದಲ್ಲೆಲ್ಲ ಸಿಮೆಂಟು ಜಾರುತ್ತಿತ್ತು. ಮೂಗು ಮೇಲೆತ್ತಿ ನನ್ನ ಕಡೆಗೇ ನೋಡುತ್ತಿದ್ದಳು. ನನಗೆ ಆ ನೋಟ ಗೊತ್ತಿತ್ತು.

ನಾನು ಕೂಗಿದೆ. ದಂಡೆಯಲ್ಲಾಗಲಿ ಭತ್ತದ ಗದ್ದೆಗಳಲ್ಲಾಗಲಿ ಆ ಹೊತ್ತಿಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಎಳೆದು ನೋಡಿದೆ, ಎಳೆದರೆ ನಾನೇ ಮುಂದಕ್ಕೆ ಹೋಗುತ್ತಿದ್ದೆ. ತೋಳುಗಳು ಕಿತ್ತು ಬರುವಂತಿದ್ದವು. ಬಿಟ್ಟುಬಿಡು, ಬಿಟ್ಟುಬಿಡು ಎಂದು ಅಬ್ಬಾ ಕಿವಿಯಲ್ಲಿ ಹೇಳುತ್ತಲೇ ಇದ್ದರು. ಬಿಡಬೇಕೆಂದು ನನಗೆ ಎಷ್ಟು ಆಸೆಯಾಯಿತು ಎಂದು ಹೇಳಿದರೆ ನಂಬುವುದು ಕಷ್ಟ. ಬಾಯಾರಿದವರಿಗೆ ನೀರಿನ ಆಸೆ ಇದ್ದ ಹಾಗಿತ್ತು. ಆದರೆ ಆ ಕೌದಿ ಅವಳ ಕೈಗೇ ಕಟ್ಟಿತ್ತು. ನಾನು ಬಿಟ್ಟರೆ ಇಡೀ ಭಾರ ಅವಳನ್ನು ತಳಕ್ಕೆ ಒಯ್ಯುತ್ತಿತ್ತು.

"ಬಿಡ್ರಿ ಆಪಾ" ಎಂದಳು ಕರೆಮ್ಮ. ಬಾಯಿಗೆ ನೀರು ಹೋಗಿ ಕೆಮ್ಮಿದಳು. "ನೀವೂ ಬೀಳ್ತೀರಿ. ಮೋನಮ್ಮನ್ನ ನೋಡ್ಕೋರಿ."

ಹೆದರಿದ ಮೇಷ್ಟ್ರ ಬಾಯಲ್ಲಿ ಪಾಠವೇ ಬರುತ್ತದೆ. ನನಗೆ ದೇವರ ಹೆಸರು ಬರಲಿಲ್ಲ, ಅದು ಬಂತು. "ಜೋಡಿ ಅದ ಅನ್ನೋದು ಹೆಂಗ ಗೊತ್ತಾತು? ಹೇಳು" ಎಂದು ಕಿರುಚಿದೆ. ಅವಳು ಪಿಳಿಪಿಳಿ ನೋಡಿದಳು. ಮತ್ತೆ ಕಿರುಚಿದೆ, ತರಗತಿಯಲ್ಲಿ ಕಿರುಚುವ ದನಿಯಲ್ಲೇ.

"ಚಿಕ್ಕಿ ಅಲಗತದ" ಎಂದಳು.

"ಯಾಕ ಅಲಗತದ?"

"ಹಿಡದಿರತದ."

ಆಗ ನನ್ನ ಕೈಗಳ ಕಡೆ ನೋಡಿದೆ. ಎಳೆಯಲಾರದೆ ಒದ್ದಾಡುತ್ತಿದ್ದ ಎರಡು ಮುಷ್ಟಿಗಳು. ಇಡೀ ಬೆಳಗ್ಗೆ ಅವು ಮಾಡಿದ ಕೆಲಸ ಎಳೆಯುವುದಲ್ಲ, ತಿರುವುವುದು. ಮುಷ್ಟಿಯನ್ನು ಬಲಕ್ಕೆ ತಿರುವಿದೆ. ನೀರಲ್ಲಿ ಹರಡಿದ್ದ ಕೌದಿಯ ನನ್ನ ಕಡೆಯ ಭಾಗ ಮುದುಡಿತು. ಮತ್ತೆ ತಿರುವಿದೆ.

"ಹಿಂಡು" ಎಂದೆ. "ಕರೆಮ್ಮ, ಹಿಂಡು."

ಅವಳಿಗೆ ಅರ್ಥ ಹೇಳಬೇಕಾಗಲಿಲ್ಲ. ಇನ್ನೊಂದು ಕೈಯನ್ನೂ ತಂದು ಕೌದಿ ಹಿಡಿದು ಎಡಕ್ಕೆ ತಿರುವಿದಳು. ತಾನು ಮುಳುಗುತ್ತಿದ್ದೇನೆ ಎಂಬುದನ್ನು ತಲೆ ಮರೆಯದಿದ್ದರೂ ಕೈಗಳು ಮರೆತವು. ನಾನು ಬಲಕ್ಕೆ, ಅವಳು ಎಡಕ್ಕೆ. ಜೋಳಿಗೆಯಂತೆ ನೀರು ಹಿಡಿದಿದ್ದ ಕೌದಿ ಸಣ್ಣಗಾಗುತ್ತ ಹಗ್ಗವಾಯಿತು. ಹಗ್ಗವಾದಂತೆ ಹರಿವಿನ ಎಳೆತ ಕಡಿಮೆಯಾಯಿತು, ಗಿಡ್ಡಾದಂತೆ ಅವಳು ಹತ್ತಿರ ಬಂದಳು. ಎಲ್ಲೋ ಒಂದು ಹೊಲಿಗೆ ಪರ್ ಎಂದು ಹರಿದ ಸದ್ದಾಯಿತು. ಉಳಿದ ಹೊಲಿಗೆಗಳು ಹಿಡಿದವು. ತಿರುವುತ್ತ, ಅಳುತ್ತ, ಅವಳ ತಾಯಿಯನ್ನು ಕರೆಯುತ್ತಿದ್ದೆ, ನಾನು ಯಾವತ್ತೂ ಮುಖ ನೋಡದ ಹೆಂಗಸನ್ನು. ಕೊನೆಗೆ ಅವಳ ಬೆರಳು ಕೆಳಗಿನ ಮೆಟ್ಟಿಲ ಮೂಲೆಗೆ ಸಿಕ್ಕಿತು. ಸೆರಗು ಹಿಡಿದೆ, ಜುಟ್ಟು ಹಿಡಿದೆ, ಸಿಕ್ಕಿದ್ದನ್ನೆಲ್ಲ ಹಿಡಿದು ಮೇಲೆ ಹಾಕಿಕೊಂಡೆ.

ಬಾಷುಮಿಯಾ ಬರುವ ತನಕ ನಾವು ಬಿಸಿಲಲ್ಲಿ ಕುಳಿತಿದ್ದೆವು. ಮಣಿಕಟ್ಟಿನ ಗಂಟು ಬಿಚ್ಚಲು ಇಬ್ಬರ ಬೆರಳಿಗೂ ಆಗದೆ, ಕೊನೆಗೆ ಬಾಷುಮಿಯಾ ಹಲ್ಲಿನಿಂದ ಬಿಚ್ಚಿದ. ಅಡಿಯಲ್ಲಿ ಚರ್ಮ ಸುಲಿದು ಕಪ್ಪು ನೀಲಿಯಾಗಿತ್ತು. ಮೋನಮ್ಮಳಿಗೆ ಈಗಲೇ ಹೇಳುವುದು ಬೇಡ, ಹುಡುಗಿ ಹೆದರಿ ನಾಳೆಯ ಭಾಷಣ ಮರೆಯುತ್ತಾಳೆ ಎಂದು ಮೂವರೂ ಮಾತಾಡಿಕೊಂಡೆವು. ಅನ್ನದ ಪಾತ್ರೆಯ ಕಂಠ ಬಡಿಯಿತು ಎಂದು ಕರೆಮ್ಮ ಮಗಳಿಗೆ ಹೇಳಿ ಕೈಗೆ ಬಟ್ಟೆ ಸುತ್ತಿಕೊಂಡಳು.

ಮರುದಿನ ಸುರಪುರದಲ್ಲಿ ನಾವಿಬ್ಬರೂ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅಕ್ಕಪಕ್ಕ ಕುಳಿತೆವು. ಎರೆಹುಳು ಆಯಿತು, ಮಳೆನೀರು ಆಯಿತು. ಮೋನಮ್ಮ ಎದ್ದು ಹೋದಳು. ಕೆಂಪು ನಕ್ಷತ್ರ ಹುಟ್ಟಿದ್ದು, ಸಿಡಿಯುವುದು, ಬೆಂಕಿ ಹತ್ತದೆ ಉಳಿದ ಸಂಗಾತಿ, ಎಲ್ಲವನ್ನೂ ಸರಿಯಾಗಿ ಹೇಳಿದಳು. "ಬೆಳಕೇ ಕೊಡದ ಈ ಸಂಗಾತಿ ಅಲ್ಲಿದೆ ಎಂದು ತಿಳಿದದ್ದು ಹೇಗೆಂದರೆ" ಎಂದಳು. ನಿಂತಳು.

ಹುಡುಗಿಯ ಕಣ್ಣು ತುಂಬುತ್ತಿದ್ದವು. ಪಕ್ಕದಲ್ಲಿ ಕರೆಮ್ಮ ತುಟಿ ಆಡಿಸಬೇಕಿತ್ತು, ಅವಳ ಹಂಚಿಕೆಯೇ ಅದು. ತುಟಿ ತೆರೆದಿದ್ದವು, ಏನೂ ಆಡುತ್ತಿರಲಿಲ್ಲ. ಆ ಪ್ರಶ್ನೆ ಕೇಳಿದ ಕೂಡಲೇ ಅವಳು ಮತ್ತೆ ನೀರಿಗೆ ಬಿದ್ದಿದ್ದಳು. ಉಸಿರಿಗೆ ಒದ್ದಾಡುತ್ತ, ಬಟ್ಟೆ ಸುತ್ತಿದ ಕೈಯಿಂದ ನನ್ನ ಕೈ ಹಿಡಿದು ಜೋರಾಗಿ ಜಗ್ಗಿದಳು. ನಾನು ಕುರ್ಚಿ ಸಮೇತ ಆ ಕಡೆ ವಾಲಿದೆ. ಬೀಳಬಾರದೆಂದು ಈ ಕಡೆ ವಾಲಿದೆ. ಅವಳು ಮತ್ತೆ ಜಗ್ಗಿದಳು. ದಪ್ಪನೆಯ ಟೀಚರ್ ಅತ್ತಿತ್ತ ಅಲುಗುವುದನ್ನು ನೋಡಿ ಹಿಂದಿನ ಸಾಲಿನ ಹುಡುಗರೆಲ್ಲ ನಕ್ಕರು.

ಮೋನಮ್ಮ ನಮ್ಮನ್ನೇ ನೋಡಿದಳು.

"ನಕ್ಷತ್ರ ಅಲುಗುತ್ತದೆ" ಎಂದಳು. "ಅದು ಅಲುಗಿದರೆ, ನಮಗೆ ಕಾಣದ ಯಾರೋ ಅದನ್ನು ಹಿಡಿದುಕೊಂಡಿದ್ದಾರೆ ಅಂತ ಅರ್ಥ."

ಬಹುಮಾನ ಎರೆಹುಳುವಿಗೆ ಹೋಯಿತು. ಅದರ ಸಿಟ್ಟು ನನಗೆ ಇನ್ನೂ ಇದೆ, ಆದರೆ ಅವತ್ತು ಸಿಟ್ಟಾಗಲು ನನ್ನಲ್ಲಿ ತ್ರಾಣ ಇರಲಿಲ್ಲ. ಬಸ್ಸಿನಲ್ಲಿ ಮಗಳನ್ನು ಮುಂದಿನ ಸೀಟಿಗೆ ಕೂರಿಸಿ, ನಾವಿಬ್ಬರೂ ಹಿಂದೆ ಕುಳಿತೆವು. ಕರೆಮ್ಮ ದಾರಿಯುದ್ದಕ್ಕೂ ಒಂದು ತಮಾಷೆಯನ್ನೂ ಮಾಡಲಿಲ್ಲ, ನನ್ನ ಕೈಯನ್ನೂ ಬಿಡಲಿಲ್ಲ. ಕಾಲುವೆಯ ಸೇತುವೆ ಬಂತು. ನಾನು ಎಂದಿನಂತೆ ಕಣ್ಣು ಮುಚ್ಚಿದೆ. ಅವಳ ಉಗುರುಗಳು ನನ್ನ ಅಂಗೈಗೆ ಇಳಿದಾಗ, ನೀರಿಗೆ ಎಂದೂ ಹೆದರದ ಭೀಮಾ ದಂಡೆಯ ಹೆಂಗಸೂ ಕಣ್ಣು ಮುಚ್ಚಿದ್ದಾಳೆಂದು ಗೊತ್ತಾಯಿತು.

ಅವತ್ತಿನ ಕಂಡಕ್ಟರ್ ಬೇರೆಯವನು. ಬಸ್ಸು ಎಷ್ಟೋ ದೂರ ಬಂದರೂ ನಾವಿಬ್ಬರೂ ಹಾಗೇ ಕುಳಿತಿದ್ದೆವು. ಕೊನೆಗೆ ಮುಂದಿನ ಸೀಟಿನಿಂದ ಮೋನಮ್ಮ ತಿರುಗಿ ನೋಡಿ, ದಾಟೀತು ಎಂದು ಹೇಳಬೇಕಾಯಿತು.